ಒಳಗಿನ ಒಳಗಿರುವ ಕಂಪ್ಯೂಟರಿಗೆ ಹೊರಗಿನಿಂದ ದಾರಿ

ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು (ವರ್ಚುವಲ್ ಮೆಷಿನ್) ಓಡಿಸುವ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ಹೊಸದಾಗಿ ಒಂದು ಲಿನಕ್ಸ್ ಮೆಷಿನ್ ಎಬ್ಬಿಸಿ ಅದರ ಐಪಿ ವಿಳಾಸ ನೋಡಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: 10.0.2.15. ನಿಮ್ಮಲ್ಲೂ ಅದೇ, ಭೂಮಿಯ ಆಚೆ ತುದಿಯಲ್ಲಿ ಕೂತವರಲ್ಲೂ ಅದೇ. ಊರಿನ ಎಲ್ಲ ಮನೆಗೂ ಒಂದೇ ನಂಬರ್ ಬರೆದಿದ್ದರೆ ಅಂಚೆಯವನು ಏನು ಮಾಡಬೇಕು? ಆ ಮೆಷಿನ್‌ನೊಳಗಿಂದ ಯಾವ ವೆಬ್‌ಸೈಟ್ ಬೇಕಾದರೂ ತೆರೆಯುತ್ತದೆ, ಸಾಫ್ಟ್‌ವೇರ್ ಇಳಿಯುತ್ತದೆ. ಹೊರಗಿನವರು ಮಾತ್ರ ಅದರ ಕದ ತಟ್ಟಲಾರರು.

ಐಪಿವಿ4 ವಿಳಾಸಕ್ಕೆ 32 ಬಿಟ್. ಲೆಕ್ಕ ಹಾಕಿದರೆ ಸುಮಾರು 429 ಕೋಟಿ ವಿಳಾಸ. ಇಷ್ಟು ಸಾಲದೆಂದು ಬಹಳ ಬೇಗ ಗೊತ್ತಾಯಿತು. 1994ರ ಆರ್‌ಎಫ್‌ಸಿ 1631 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆ, ಗಡಿಯಲ್ಲಿ ವಿಳಾಸವನ್ನೇ ಬದಲಾಯಿಸಿ ಕಳಿಸುವ ನ್ಯಾಟ್ ಎಂಬ ಉಪಾಯ ಮುಂದಿಟ್ಟಿತು. 1996ರ ಆರ್‌ಎಫ್‌ಸಿ 1918 ಮೂರು ವಿಳಾಸ ಗುಂಪುಗಳನ್ನು ಖಾಸಗಿ ಬಳಕೆಗೆಂದು ತೆಗೆದಿಟ್ಟಿತು: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು. ಇವನ್ನು ಯಾರು ಬೇಕಾದರೂ ತಮ್ಮ ಗೋಡೆಯೊಳಗೆ ಬಳಸಿಕೊಳ್ಳಬಹುದು. ಇಂಟರ್‌ನೆಟ್‌ನ ಹೆದ್ದಾರಿಯಲ್ಲಿ ಇವಕ್ಕೆ ಬೆಲೆಯಿಲ್ಲ.

ಇಂದಿನ ರೌಟರ್ ವಿಳಾಸದ ಜೊತೆಗೆ ಪೋರ್ಟ್ ನಂಬರನ್ನೂ (ಒಂದೇ ಯಂತ್ರದಲ್ಲಿ ಯಾವ ಸೇವೆಗೆ ಎಂದು ಹೇಳುವ ಸಂಖ್ಯೆ) ಬದಲಾಯಿಸುತ್ತದೆ. ಒಳಗಿನ ಯಂತ್ರವೊಂದು ಹೊರಗೆ ಪ್ಯಾಕೆಟ್ (ಮಾಹಿತಿಯ ತುಣುಕು) ಕಳಿಸಿದಾಗ ರೌಟರ್ ತನ್ನ ಪಟ್ಟಿಯಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ: ಈ ಹೊರಗಿನ ಪೋರ್ಟ್‌ಗೆ ಬರುವ ಉತ್ತರ ಆ ಒಳಗಿನ ಯಂತ್ರದ್ದು. ಮಾತುಕತೆ ಮುಗಿದು ಸ್ವಲ್ಪ ಹೊತ್ತಾದ ಮೇಲೆ ಸಾಲು ಅಳಿಸಿಹೋಗುತ್ತದೆ. ಕೇಳದೆ ಬಂದ ಪ್ಯಾಕೆಟ್‌ಗೆ ಪಟ್ಟಿಯಲ್ಲಿ ಸಾಲೇ ಇರುವುದಿಲ್ಲ, ಹಾಗಾಗಿ ಅದು ಬಾಗಿಲಲ್ಲೇ ಬೀಳುತ್ತದೆ. ರೌಟರಿಗೆ ಅದನ್ನು ಯಾರಿಗೆ ಕೊಡಬೇಕೆಂದೇ ತಿಳಿಯದು. ಪೋರ್ಟ್ ಫಾರ್ವರ್ಡಿಂಗ್ ಅಂದರೆ ಆ ಪಟ್ಟಿಯಲ್ಲಿ ನಾವೇ ಕೈಯಾರೆ ಬರೆಯುವ, ಅಳಿಸಿಹೋಗದ ಸಾಲು. ಅದಕ್ಕಿಂತ ದೊಡ್ಡ ಮಾಯೆ ಏನೂ ಇಲ್ಲ.

ವರ್ಚುವಲ್ ಮೆಷಿನ್ ವಿಷಯದಲ್ಲಿ ತೊಡಕು ಬರುವುದು ಇಂಥ ಪಟ್ಟಿಗಳು ಕನಿಷ್ಠ ಎರಡು ಇರುವುದರಿಂದ. ಒಂದು ವರ್ಚುವಲ್‌ಬಾಕ್ಸ್ ತಾನೇ ನಟಿಸುವ ಪುಟ್ಟ ರೌಟರಿನದು, ಇನ್ನೊಂದು ಗೋಡೆಗೆ ತೂಗುಹಾಕಿದ ನಿಜವಾದ ರೌಟರಿನದು. ಹೆಚ್ಚಿನವರು ಎರಡನೆಯದನ್ನು ಮಾತ್ರ ತಿದ್ದಿ, ನೇರವಾಗಿ ಹೊರಗಿನಿಂದ ಪರೀಕ್ಷಿಸಿ, ಸೋತು, ಮತ್ತೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುತ್ತಾರೆ. ಒಳಗಿನಿಂದ ಹೊರಕ್ಕೆ ಒಂದೊಂದೇ ಹೆಜ್ಜೆ ಪರೀಕ್ಷಿಸುತ್ತ ಬಂದರೆ ಕೆಲಸ ಅರ್ಧ ಗಂಟೆಯದು. ಉದಾಹರಣೆಗೆ ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸೇವೆಯನ್ನೇ ತೆಗೆದುಕೊಳ್ಳೋಣ: ಗೆಸ್ಟ್‌ನಲ್ಲಿ (ಒಳಗಿನ ವರ್ಚುವಲ್ ಮೆಷಿನ್) ಪೋರ್ಟ್ 22, ಹೋಸ್ಟ್‌ನಲ್ಲಿ (ಅದನ್ನು ಓಡಿಸುವ ನಿಜ ಕಂಪ್ಯೂಟರ್) 2222, ರೌಟರಿನ ಹೊರಬದಿಯಲ್ಲಿ 50022. ಮೂರೂ ಕಡೆ ಬೇರೆ ಬೇರೆ ನಂಬರ್ ಇಟ್ಟುಕೊಂಡರೆ ದೋಷದ ಸಂದೇಶದಲ್ಲಿ ಕಾಣುವ ನಂಬರೇ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳಿಬಿಡುತ್ತದೆ.

ಮೊದಲು ಗೆಸ್ಟ್. ಅಲ್ಲೇ ಕೂತು ಅಲ್ಲಿಂದಲೇ ಸೇವೆಗೆ ಸಂಪರ್ಕ ಸಿಗುತ್ತದೆಯೇ ನೋಡಿ. ಆಮೇಲೆ ಲಿನಕ್ಸ್‌ನ ಎಸ್‌ಎಸ್ ಎಂಬ ಆಜ್ಞೆಯಿಂದ ಆ ಸೇವೆ ಯಾವ ವಿಳಾಸದಲ್ಲಿ ಕಿವಿಗೊಟ್ಟು ಕೂತಿದೆ ಎಂದು ಪರಿಶೀಲಿಸಿ. 0.0.0.0 ಎಂದಿದ್ದರೆ ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳುತ್ತದೆ. 127.0.0.1 ಎಂದಿದ್ದರೆ ಅದಕ್ಕೆ ತನ್ನದೇ ಯಂತ್ರದ ದನಿ ಮಾತ್ರ ಕೇಳುತ್ತದೆ. ಹೊರಗೆ ಎಷ್ಟು ನಿಯಮ ಬರೆದರೂ ವ್ಯರ್ಥ. ಎಸ್‌ಎಸ್‌ಎಚ್‌ಗೆ ಈ ಸಮಸ್ಯೆ ಇರುವುದಿಲ್ಲ. ಡೇಟಾಬೇಸ್‌ಗಳು, ಪ್ರೋಗ್ರಾಮರುಗಳು ಪ್ರಯೋಗಕ್ಕೆ ಓಡಿಸುವ ವೆಬ್ ಸರ್ವರ್‌ಗಳು ಸಾಮಾನ್ಯವಾಗಿ 127.0.0.1ಕ್ಕೇ ಕಟ್ಟಿಕೊಂಡಿರುತ್ತವೆ. ಡೇಟಾಬೇಸನ್ನು ಹಾಗೆಯೇ ಬಿಡಿ, ಅದಕ್ಕೆ ಇಂಟರ್‌ನೆಟ್ ನೋಡುವ ಅಗತ್ಯವಿಲ್ಲ.

ಮುಂದಿನದು ವರ್ಚುವಲ್‌ಬಾಕ್ಸ್‌ನ ನಿಯಮ. ಮೆಷಿನ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಅಡಾಪ್ಟರ್ ನ್ಯಾಟ್ ಎಂದಿರುವಾಗ ಪೋರ್ಟ್ ಫಾರ್ವರ್ಡಿಂಗ್ ಗುಂಡಿ ಸಿಗುತ್ತದೆ. ಅಲ್ಲಿ ಒಂದು ಹೆಸರು, ಪ್ರೋಟೊಕಾಲ್ ಟಿಸಿಪಿ, ಹೋಸ್ಟ್ ಪೋರ್ಟ್ 2222, ಗೆಸ್ಟ್ ಪೋರ್ಟ್ 22. ಎರಡು ಐಪಿ ಖಾನೆಗಳನ್ನು ಖಾಲಿ ಬಿಡಬಹುದು. ಹೋಸ್ಟ್ ಐಪಿ ಖಾಲಿಯಿದ್ದರೆ ಹೋಸ್ಟ್‌ನ ಎಲ್ಲ ವಿಳಾಸಗಳಲ್ಲೂ ಬಾಗಿಲು ತೆರೆಯುತ್ತದೆ. ಅಲ್ಲಿ 127.0.0.1 ಬರೆದರೆ ಹೋಸ್ಟ್‌ನಿಂದ ಎಲ್ಲವೂ ಚೆಂದವಾಗಿ ನಡೆದು, ಪಕ್ಕದ ಕಂಪ್ಯೂಟರಿನಿಂದ ಮಾತ್ರ ನಡೆಯುವುದಿಲ್ಲ. ಹೋಸ್ಟ್ ಲಿನಕ್ಸ್ ಆಗಿದ್ದರೆ 1024ಕ್ಕಿಂತ ಕೆಳಗಿನ ಪೋರ್ಟ್‌ಗಳು ಸಾಮಾನ್ಯ ಬಳಕೆದಾರನಿಗೆ ಸಿಗವು. 80ರ ಬದಲು 8080, 22ರ ಬದಲು 2222 ಬಳಸುವ ವಾಡಿಕೆಯ ಹಿಂದಿನ ಒಂದು ಕಾರಣ ಇದೇ. ಮೆಷಿನ್ ಓಡುತ್ತಿರುವಾಗಲೇ ನಿಯಮ ಸೇರಿಸಬಹುದು. ಈಗ ಹೋಸ್ಟ್‌ನಿಂದ 127.0.0.1ರ 2222ಕ್ಕೆ ಸಂಪರ್ಕಿಸಿ ನೋಡಿ. ವರ್ಚುವಲ್‌ಬಾಕ್ಸ್ ಬದಲು ಲಿನಕ್ಸ್‌ನದೇ ಕೆವಿಎಂ ಬಳಸುವವರಿಗೆ ಈ ಸುಲಭದ ಕಿಟಕಿಯಿಲ್ಲ. ಅಲ್ಲಿ ಗೆಸ್ಟ್‌ಗಳು ವಾಡಿಕೆಯಂತೆ 192.168.122ರ ಸಾಲಿನಲ್ಲಿರುತ್ತವೆ, ಹೋಸ್ಟ್‌ನ ಫೈರ್‌ವಾಲ್‌ನಲ್ಲಿ (ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವ ಕಾವಲು) ಗುರಿ ಬದಲಾಯಿಸುವ ನಿಯಮವೂ ದಾಟಲು ಬಿಡುವ ನಿಯಮವೂ ಎರಡೂ ಬೇಕು. ಎರಡನೆಯದನ್ನು ಮರೆತರೆ ಕೆವಿಎಂ ಮೆಷಿನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್ ತಾನೇ ಹಾಕಿಟ್ಟ ತಿರಸ್ಕಾರದ ನಿಯಮಕ್ಕೆ ಪ್ಯಾಕೆಟ್ ಸಿಕ್ಕಿಬೀಳುತ್ತದೆ.

ಇನ್ನು ಹೋಸ್ಟ್‌ನ ಫೈರ್‌ವಾಲ್. ವಿಂಡೋಸ್‌ನಲ್ಲಿ ಹೊಸ ಪ್ರೋಗ್ರಾಂ ಮೊದಲ ಸಲ ಪೋರ್ಟ್ ತೆರೆದಾಗ ಅನುಮತಿ ಕೇಳುವ ಚೌಕ ಏಳುತ್ತದೆ. ಅದನ್ನು ರದ್ದು ಮಾಡಿದರೆ ‘ಅನುಮತಿ ಇಲ್ಲ’ ಎಂದಷ್ಟೇ ಆಗುವುದಿಲ್ಲ, ತಡೆಯುವ ನಿಯಮವೊಂದು ಬರೆದುಹೋಗುತ್ತದೆ. ವಿಂಡೋಸ್‌ನಲ್ಲಿ ತಡೆಯುವ ನಿಯಮ ಬಿಡುವ ನಿಯಮಕ್ಕಿಂತ ಮೇಲು. ಆದ್ದರಿಂದ 2222ಕ್ಕೆ ಹೊಸ ಅನುಮತಿ ಎಷ್ಟು ಸಲ ಕೊಟ್ಟರೂ ಹಳೆಯ ತಡೆ ಅಳಿಸುವ ತನಕ ಏನೂ ನಡೆಯದು. ಇದನ್ನು ಪತ್ತೆಹಚ್ಚುವುದು ಸುಲಭ: ಅದೇ ವೈಫೈನಲ್ಲಿರುವ ಇನ್ನೊಂದು ಕಂಪ್ಯೂಟರಿನಿಂದ ಹೋಸ್ಟ್‌ನ ಖಾಸಗಿ ವಿಳಾಸಕ್ಕೆ, ಅದು 192.168.1.20 ಎಂದಿಟ್ಟುಕೊಳ್ಳೋಣ, ಪೋರ್ಟ್ 2222ಕ್ಕೆ ಸಂಪರ್ಕಿಸಿ. ಇದು ಆಗುವ ಮುನ್ನ ರೌಟರಿನ ಪುಟ ತೆರೆಯಲೇಬೇಡಿ.

ರೌಟರಿನಲ್ಲಿ ಎರಡು ಕೆಲಸ. 192.168.1.20 ನಾಳೆ 192.168.1.23 ಆಗದಂತೆ, ಹೋಸ್ಟ್‌ನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತು) ಆ ಐಪಿಯನ್ನು, ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಕಾಯ್ದಿರಿಸಿ. ಬಳಿಕ ಪೋರ್ಟ್ ಫಾರ್ವರ್ಡಿಂಗ್ ಪುಟ. ಕೆಲವು ರೌಟರುಗಳಲ್ಲಿ ಇದರ ಹೆಸರು ವರ್ಚುವಲ್ ಸರ್ವರ್. ಹೊರ ಪೋರ್ಟ್ 50022, ಒಳ ವಿಳಾಸ 192.168.1.20, ಒಳ ಪೋರ್ಟ್ 2222. ಬಹಳ ಜನ ಎಡವುವುದು ಇಲ್ಲೇ: ಒಳ ವಿಳಾಸದ ಜಾಗದಲ್ಲಿ 10.0.2.15 ಬರೆಯುತ್ತಾರೆ. ರೌಟರಿಗೆ ಆ ವಿಳಾಸದ ಪರಿಚಯವೇ ಇಲ್ಲ. ಅದಕ್ಕೆ ಗೊತ್ತಿರುವುದು ಹೋಸ್ಟ್ ಮಾತ್ರ. ಹೋಸ್ಟ್‌ನಿಂದ ಮುಂದಿನ ದಾರಿ ವರ್ಚುವಲ್‌ಬಾಕ್ಸ್ ನೋಡಿಕೊಳ್ಳುತ್ತದೆ. ಡಿಎಂಝಡ್ ಎಂಬ ಆಯ್ಕೆಯೂ ಕಣ್ಣಿಗೆ ಬೀಳುತ್ತದೆ. ಅದು ಕೇಳದೆ ಬಂದದ್ದನ್ನೆಲ್ಲ ಒಂದೇ ಯಂತ್ರದ ಮೇಲೆ ಸುರಿಯುತ್ತದೆ, ಅದರ ಗೊಡವೆ ಬೇಡ.

ಪರೀಕ್ಷೆ ಹೊರಗಿನಿಂದಲೇ ಆಗಬೇಕು. ವೈಫೈನೊಳಗೆ ಕೂತು ನಿಮ್ಮದೇ ಸಾರ್ವಜನಿಕ ವಿಳಾಸಕ್ಕೆ ಕರೆ ಕೊಟ್ಟರೆ ಆ ಪ್ಯಾಕೆಟ್ ರೌಟರಿನ ತನಕ ಹೋಗಿ ಹಿಂದಿರುಗಿ ಬರಬೇಕು, ಎಲ್ಲ ರೌಟರುಗಳಿಗೂ ಈ ಹಿಮ್ಮುಖ ತಿರುವು ಬರುವುದಿಲ್ಲ. ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಿಂದ ಪ್ರಯತ್ನಿಸಿ. ಸೋತರೆ ಸೋಲಿನ ಬಗೆಯನ್ನು ಓದಿಕೊಳ್ಳಿ. ಸಂಪರ್ಕ ನಿರಾಕರಿಸಲಾಗಿದೆ ಎಂದು ಥಟ್ಟನೆ ಬಂದರೆ ಸಾಮಾನ್ಯವಾಗಿ ಪ್ಯಾಕೆಟ್ ಒಂದು ಯಂತ್ರ ತಲುಪಿದೆ, ಅಲ್ಲಿ ಆ ಪೋರ್ಟ್‌ನಲ್ಲಿ ಯಾರೂ ಇಲ್ಲ. ವರ್ಚುವಲ್ ಮೆಷಿನ್ ಆರಿರಬಹುದು. ಕಾದು ಕಾದು ಸಮಯ ಮೀರಿತು ಎಂದರೆ ದಾರಿಯಲ್ಲಿ ಯಾರೋ ಸದ್ದಿಲ್ಲದೆ ನುಂಗಿದ್ದಾರೆ: ಫೈರ್‌ವಾಲ್, ಇಲ್ಲವೇ ರೌಟರಿನಲ್ಲಿ ನಿಯಮದ ಕೊರತೆ.

ಮೂರನೆಯ ಬಗೆಯೊಂದಿದೆ, ಅದು ಮೋಸಗಾರ. ಸಂಪರ್ಕ ಸಿಕ್ಕಿತು ಎನ್ನುತ್ತದೆ, ಮರುಕ್ಷಣ ಕಡಿದುಬೀಳುತ್ತದೆ. ಹೋಸ್ಟ್‌ನ 2222ರಲ್ಲಿ ಕೂತು ಕದ ತೆರೆಯುವುದು ಗೆಸ್ಟ್ ಅಲ್ಲ, ಸ್ವತಃ ವರ್ಚುವಲ್‌ಬಾಕ್ಸ್. ಅದು ಮೊದಲು ಬಂದವರನ್ನು ಒಳಗೆ ಕರೆದು, ಆಮೇಲೆ ಗೆಸ್ಟನ್ನು ಎಬ್ಬಿಸಲು ಹೋಗುತ್ತದೆ. ಗೆಸ್ಟ್‌ನ ಸೇವೆ ಸತ್ತಿದ್ದರೆ ಕೈಚೆಲ್ಲುತ್ತದೆ. ಹಾಗಾಗಿ ಪೋರ್ಟ್ ತೆರೆದಿದೆಯೇ ಎಂದು ಹೇಳುವ ಜಾಲತಾಣಗಳು ‘ತೆರೆದಿದೆ’ ಎಂದರೂ ಒಳಗೆ ಯಾರೂ ಇಲ್ಲದಿರಬಹುದು.

ಎಲ್ಲ ಸರಿಯಿದ್ದೂ ಸಮಯ ಮೀರುತ್ತಲೇ ಇದ್ದರೆ ರೌಟರಿನ ಸ್ಥಿತಿಪುಟದಲ್ಲಿ ಕಾಣುವ ಹೊರವಿಳಾಸವನ್ನೂ, ಹೊರಗಿನ ತಾಣವೊಂದು ತೋರಿಸುವ ನಿಮ್ಮ ವಿಳಾಸವನ್ನೂ ಹೋಲಿಸಿ. ಎರಡೂ ಬೇರೆಯಾಗಿದ್ದರೆ ಮೇಲೆ ಇನ್ನೊಂದು ನ್ಯಾಟ್ ಇದೆ. ರೌಟರಿನದು 192.168ರಿಂದ ಶುರುವಾಗಿದ್ದರೆ ಅದು ಬಹುಶಃ ನಿಮ್ಮದೇ ಮೋಡೆಮ್. ಅದನ್ನು ವಿಳಾಸ ಬದಲಾಯಿಸದೆ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿದರೆ ಆಯಿತು. 100.64ರಿಂದ 100.127ರೊಳಗಿದ್ದರೆ ಅದು ಸೇವಾ ಕಂಪನಿಯ ಮಟ್ಟದ ನ್ಯಾಟ್; 2012ರ ಆರ್‌ಎಫ್‌ಸಿ 6598 ಆ ಸಾಲನ್ನು ಇದಕ್ಕೆಂದೇ ಮೀಸಲಿಟ್ಟಿತು. ಆ ಪಟ್ಟಿಯಲ್ಲಿ ಸಾಲು ಬರೆಯುವ ಅಧಿಕಾರ ನಿಮಗಿಲ್ಲ. ಸಾರ್ವಜನಿಕ ವಿಳಾಸ ಕೇಳಿ ಪಡೆಯಬೇಕು, ಇಲ್ಲವೇ ಒಳಗಿನಿಂದ ಹೊರಕ್ಕೆ ಸುರಂಗ ತೋಡಬೇಕು: ಬಾಡಿಗೆಯ ಪುಟ್ಟ ಸರ್ವರೊಂದಕ್ಕೆ ಗೆಸ್ಟ್‌ನಿಂದ ಎಸ್‌ಎಸ್‌ಎಚ್‌ನ ಹಿಮ್ಮುಖ ಫಾರ್ವರ್ಡಿಂಗ್. ಆ ಸರ್ವರ್ ವಾಡಿಕೆಯಂತೆ ತನ್ನ 127.0.0.1ರಲ್ಲಷ್ಟೇ ಬಾಗಿಲು ತೆರೆಯುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಗೇಟ್‌ವೇ ಪೋರ್ಟ್ಸ್ ಎಂಬುದನ್ನು ಚಾಲೂ ಮಾಡದಿದ್ದರೆ ಸುರಂಗ ಸಿದ್ಧವಾಗಿಯೂ ಯಾರೂ ಬರಲಾರರು.

ವರ್ಚುವಲ್‌ಬಾಕ್ಸ್‌ನಲ್ಲಿ ನ್ಯಾಟ್ ಬದಲು ಬ್ರಿಡ್ಜ್ಡ್ ಅಡಾಪ್ಟರ್ ಆರಿಸಿಕೊಂಡರೆ ಗೆಸ್ಟ್ ರೌಟರಿನಿಂದಲೇ ಸ್ವಂತ ವಿಳಾಸ ಪಡೆಯುತ್ತದೆ, ರೌಟರಿನ ಒಂದೇ ಫಾರ್ವರ್ಡಿಂಗ್ ಸಾಕಾಗುತ್ತದೆ. ಕೇಬಲ್‌ನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ವೈಫೈನಲ್ಲಿ ತಗಾದೆ: ನೋಂದಾಯಿಸಿಕೊಂಡ ಮ್ಯಾಕ್ ವಿಳಾಸ ಬಿಟ್ಟು ಬೇರೆಯದನ್ನು ಆಕ್ಸೆಸ್ ಪಾಯಿಂಟ್ ಒಪ್ಪುವುದಿಲ್ಲ, ವರ್ಚುವಲ್‌ಬಾಕ್ಸ್ ಮ್ಯಾಕ್ ಬದಲಿಸಿ ಸಂಭಾಳಿಸಬೇಕಾಗುತ್ತದೆ.

ತೆರೆದ ಬಾಗಿಲನ್ನು ಯಾರೂ ನೋಡುವುದಿಲ್ಲ ಎಂದುಕೊಳ್ಳುವಂತಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಹೊರತಂದ ಝೀಮ್ಯಾಪ್ ಎಂಬ ಸಾಧನ ಒಂದು ಗಿಗಾಬಿಟ್ ಸಂಪರ್ಕದಿಂದ ಇಡೀ ಐಪಿವಿ4 ಜಗತ್ತಿನ ಒಂದು ಪೋರ್ಟನ್ನು 45 ನಿಮಿಷದೊಳಗೆ ತಡಕಿ ಮುಗಿಸಿತ್ತು. 50022ರಂಥ ನಂಬರ್ ಲಾಗ್‌ನ ಗದ್ದಲ ತಗ್ಗಿಸುತ್ತದೆ, ರಕ್ಷಣೆ ಕೊಡುವುದಿಲ್ಲ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ ಬಳಸುವುದೇ ಸರಿಯಾದ ಬೀಗ. ಗೆಸ್ಟ್‌ಗೆ ಕನ್ನ ಬಿದ್ದರೆ ಹಾನಿ ಅದರೊಳಗೇ ಉಳಿಯುತ್ತದೆ ಎಂಬ ನಂಬಿಕೆಯೂ ತಪ್ಪು. ನ್ಯಾಟ್ ಹೊರಕ್ಕೆ ಹೋಗುವುದನ್ನು ತಡೆಯದ ಕಾರಣ ಅದೇ ವೈಫೈನ ಇತರ ಸಾಧನಗಳಿಗೆ ಅಲ್ಲಿಂದ ದಾರಿಯಿದೆ.

ತಪ್ಪು ಲಾಗಿನ್ ಪ್ರಯತ್ನ ಮಾಡುವ ವಿಳಾಸಗಳನ್ನು ತಡೆಯುವ ಫೇಲ್2ಬ್ಯಾನ್ ಎಂಬ ಸಾಧನವನ್ನು ಗೆಸ್ಟ್‌ನಲ್ಲಿ ಹಾಕಿ ನಿಶ್ಚಿಂತರಾಗುವವರಿಗೆ ಒಂದು ಹೊಂಡ ಕಾದಿದೆ. ವರ್ಚುವಲ್‌ಬಾಕ್ಸ್‌ನ ನ್ಯಾಟ್ ಮೂಲಕ ಬರುವ ಪ್ರತಿ ಸಂಪರ್ಕವೂ ಗೆಸ್ಟ್‌ಗೆ ಕಾಣುವುದು 10.0.2.2ರಿಂದ ಬಂದಂತೆ, ಹೊರಗಿನ ನಿಜ ವಿಳಾಸ ಅಲ್ಲಿಗೆ ಮುಟ್ಟುವುದೇ ಇಲ್ಲ. ವಾಡಿಕೆಯ ಸೆಟ್ಟಿಂಗ್‌ನಂತೆ 10 ನಿಮಿಷದಲ್ಲಿ 5 ತಪ್ಪು ಪ್ರಯತ್ನ ಕಂಡರೆ ಅದು ಆ ವಿಳಾಸವನ್ನು 10 ನಿಮಿಷ ನಿಷೇಧಿಸುತ್ತದೆ. ಎಲ್ಲೋ ಕೂತ ಒಂದು ಬಾಟ್ ಐದು ಸಲ ತಟ್ಟಿದರೆ ಹೊರಗುಳಿಯುವವರು ನೀವು. ನಿಜ ವಿಳಾಸ ನೋಡಿ ತಡೆಯಬೇಕಿದ್ದರೆ ಆ ಕೆಲಸ ಹೋಸ್ಟ್‌ನಲ್ಲೋ ರೌಟರಿನಲ್ಲೋ ನಡೆಯಬೇಕು, ಅಥವಾ ಬ್ರಿಡ್ಜ್ಡ್ ದಾರಿ ಹಿಡಿಯಬೇಕು.

ಪ್ರಯೋಗ ಮುಗಿದು ವರ್ಚುವಲ್ ಮೆಷಿನ್ ಅಳಿಸಿದ ದಿನ ರೌಟರಿನ ಸಾಲನ್ನೂ ಅಳಿಸಿ. ಅದು 192.168.1.20ನ್ನು ತೋರಿಸುತ್ತಲೇ ಇರುತ್ತದೆ; ಹಳೆಯ ಕಾಯ್ದಿರಿಸುವಿಕೆ ತೆಗೆದುಹಾಕಿದ ಮೇಲೆ ಆ ವಿಳಾಸ ಹೊಸದಾಗಿ ತಂದ ಕ್ಯಾಮೆರಾಕ್ಕೂ ಸಿಗಬಹುದು.