ಬೀದಿ ನಾಟಕಕ್ಕೆ ರಾಜಕೀಯ ಯಾಕೆ ಅಂಟಿಕೊಂಡಿದೆ?

ಪ್ರಶ್ನೆ: ನಮ್ಮ ಕಾಲೇಜಿನ ಹುಡುಗರು ಕಸ ವಿಂಗಡಣೆ ಬಗ್ಗೆ ಬೀದಿ ನಾಟಕ ಮಾಡುತ್ತಿದ್ದಾರೆ. ತಾಲೀಮು ನೋಡಿದ ಹಿರಿಯರೊಬ್ಬರು ‘ರಾಜಕೀಯ ಇಲ್ಲದೆ ಬೀದಿ ನಾಟಕ ಆಗುವುದಿಲ್ಲ, ಇದು ಬರೀ ಪ್ರಚಾರ’ ಎಂದುಬಿಟ್ಟರು. ಬಯಲಾಟವನ್ನೂ ಬಯಲಲ್ಲೇ ಆಡುತ್ತಿದ್ದರಲ್ಲ? ಬೀದಿಯಲ್ಲಿ ಆಡಿದ ಮಾತ್ರಕ್ಕೆ ರಾಜಕೀಯ ಬೇಕೇ ಬೇಕೆ?

ಪಕ್ಷದ ಬಾವುಟ ಹಿಡಿಯಲೇಬೇಕು ಎಂದೇನಿಲ್ಲ. ಆದರೂ ಆ ಹಿರಿಯರ ಮಾತಿನಲ್ಲಿ ಹುರುಳಿದೆ. ಬೀದಿ ನಾಟಕಕ್ಕೆ ಒಬ್ಬ ಎದುರಾಳಿ ಬೇಕು, ಅರ್ಧ ಗಂಟೆ ಯಾರೊಂದಿಗಾದರೂ ಜಗಳಕ್ಕೆ ನಿಲ್ಲಬೇಕು. ಸುತ್ತ ಜನ ನಿಂತ ವೃತ್ತ, ಪರದೆ ಇಲ್ಲದಿರುವುದು, ಮೈಕಿಲ್ಲದ ಏರುದನಿ, ಬೇಗ ಮುಗಿಸುವ ಆತುರ ಎಲ್ಲವೂ ಆ ಜಗಳದ ದೆಸೆಯಿಂದಲೇ ಬಂದವು. ಜಗಳ ತೆಗೆದು ವೃತ್ತ, ತಮಟೆ ಮಾತ್ರ ಉಳಿಸಿಕೊಂಡರೆ ಇಲಾಖೆಯ ಪ್ರಕಟಣೆಯನ್ನು ಕುಣಿದು ಓದಿದಂತಾಗುತ್ತದೆ.

ಬಯಲಾಟದ ಲೆಕ್ಕ ಬೇರೆ. ಅದಕ್ಕೆ ಊರು ತಾನಾಗಿ ಬಂದು ಕೂರುತ್ತದೆ. ಆಟ ಯಾವತ್ತು ಎಂದು ಮೊದಲೇ ಗೊತ್ತು, ಕಥೆಯೂ ಗೊತ್ತು, ಚಾಪೆ ಕಂಬಳಿ ತಂದಾಗಿದೆ, ಬೆಳಗಾಗುವವರೆಗೆ ಪುರುಸೊತ್ತಿದೆ. ಬೀದಿ ನಾಟಕದ ಪ್ರೇಕ್ಷಕ ಬಸ್ಸಿಗೆ ಹೊರಟವನು, ಕೈಯಲ್ಲಿ ತರಕಾರಿ ಚೀಲ ಇರುವವನು. ಹಳೆಯ ನಂಟು ಹುಡುಕಲೇಬೇಕೆಂದರೆ ಹಗಲುವೇಷದವರ ಕಡೆ ನೋಡಬಹುದು. ಹಾಡುಹಗಲಲ್ಲಿ ಜನ ಇರುವಲ್ಲಿಗೇ ಹೋಗಿ, ಕೆಲಸದಲ್ಲಿದ್ದವರನ್ನು ನಿಲ್ಲಿಸಿ, ಕೊಟ್ಟಷ್ಟು ಪಡೆದು ಮುಂದಿನ ಬೀದಿಗೆ ಹೋಗುವ ಕಸುಬು ಅವರದು.

ನಾಟಕಕ್ಕೂ ಅಧಿಕಾರಕ್ಕೂ ನಡುವಿನ ಜಟಾಪಟಿ ಬೀದಿಗಿಂತ ಮೊದಲೇ, ಟಿಕೆಟ್ ಕೊಟ್ಟು ನೋಡುವ ರಂಗಮಂದಿರದಲ್ಲೇ ಶುರುವಾಗಿತ್ತು. ನೀಲಿ ಗಿಡ ಬೆಳೆಯುವ ರೈತರ ಮೇಲೆ ಬಿಳಿ ತೋಟದ ಮಾಲೀಕರು ನಡೆಸುತ್ತಿದ್ದ ದೌರ್ಜನ್ಯವನ್ನು ದೀನಬಂಧು ಮಿತ್ರರು ‘ನೀಲದರ್ಪಣ’ದಲ್ಲಿ ಬರೆದರು. 1872ರಲ್ಲಿ ಕಲ್ಕತ್ತೆಯ ನ್ಯಾಷನಲ್ ಥಿಯೇಟರ್ ಅದನ್ನು ಆಡಿತು. ನಾಲ್ಕೇ ವರ್ಷದಲ್ಲಿ, ವೇಲ್ಸ್ ರಾಜಕುಮಾರನ ಭೇಟಿಯನ್ನು ಗೇಲಿ ಮಾಡಿದ ಪ್ರಹಸನವೊಂದರ ನೆಪದಲ್ಲಿ, ನಾಟಕ ನಿಲ್ಲಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟ 1876ರ ನಾಟಕ ಪ್ರದರ್ಶನ ಕಾಯ್ದೆ ಬಂತು. ಆಮೇಲೆ ಬರೆದವರು ಪುರಾಣದ ಮರೆಗೆ ಸರಿದರು. ಖಾಡಿಲ್ಕರರ ಮರಾಠಿ ನಾಟಕ ‘ಕೀಚಕವಧ’ದಲ್ಲಿ ದ್ರೌಪದಿಯನ್ನು ಪೀಡಿಸುವ ಕೀಚಕ ವೈಸ್‌ರಾಯ್ ಆಗಿದ್ದ ಲಾರ್ಡ್ ಕರ್ಜನ್ ಎಂದು ಜನರಿಗೂ ತಿಳಿಯಿತು, ಸರ್ಕಾರಕ್ಕೂ ತಿಳಿಯಿತು, 1910ರಲ್ಲಿ ಅದಕ್ಕೆ ನಿಷೇಧ ಬಿತ್ತು. ಆ 1876ರ ಕಾಯ್ದೆ ಸ್ವಾತಂತ್ರ್ಯ ಬಂದಮೇಲೂ ಪುಸ್ತಕದಲ್ಲಿ ಉಳಿದಿತ್ತು. ಸಂಸತ್ತು ಅದನ್ನು ರದ್ದು ಮಾಡಿದ್ದು 2018ರಲ್ಲಿ ಜಾರಿಗೆ ಬಂತು.

ಬೀದಿಗೆ ಇಳಿದದ್ದಕ್ಕೆ ಮಾತ್ರ ಸಿದ್ಧಾಂತದಷ್ಟೇ ದುಡ್ಡೂ ಕಾರಣ. ದೆಹಲಿಯ ಜನ ನಾಟ್ಯ ಮಂಚ್ 1973ರಿಂದ ದೊಡ್ಡ ವೇದಿಕೆಯ ನಾಟಕಗಳನ್ನೇ ಆಡುತ್ತಿತ್ತು. ತುರ್ತು ಪರಿಸ್ಥಿತಿ ಮುಗಿಯುವ ಹೊತ್ತಿಗೆ, ಅದರ ಆಟಗಳನ್ನು ಏರ್ಪಡಿಸುತ್ತಿದ್ದ ಕಾರ್ಮಿಕ ಸಂಘಗಳ ಬಳಿ ವೇದಿಕೆ, ದೀಪ, ಲಾರಿ ಬಾಡಿಗೆಗೆ ಹಣವಿರಲಿಲ್ಲ. ಆಗ, 1978ರಲ್ಲಿ, ಹುಟ್ಟಿದ್ದು ‘ಮಷೀನ್’. ಹದಿಮೂರು ನಿಮಿಷದ ಆಸುಪಾಸಿನ ನಾಟಕ. ದೆಹಲಿ ಪಕ್ಕದ ಕಾರ್ಖಾನೆಯೊಂದರ ಕಾರ್ಮಿಕರು ಕೇಳಿದ್ದು ಸೈಕಲ್ ಸ್ಟ್ಯಾಂಡು, ಚಹಾ ಕಾಯಿಸಿಕೊಳ್ಳಲು ಒಂದು ಕ್ಯಾಂಟೀನು. ಸಿಕ್ಕಿದ್ದು ಕಾವಲುಗಾರರ ಗುಂಡು. ನಾಟಕದಲ್ಲಿ ನಟರು ಒಬ್ಬೊಬ್ಬರಾಗಿ ಬಂದು, ಕೈಕಾಲು ಆಡಿಸುತ್ತ, ಬುಸ್ಸೆನ್ನುತ್ತ, ಒಂದೇ ಯಂತ್ರವಾಗಿ ಜೋಡಿಸಿಕೊಳ್ಳುತ್ತಾರೆ. ಇದ್ದಕ್ಕಿದ್ದಂತೆ ಯಂತ್ರ ನಿಲ್ಲುತ್ತದೆ. ಯಾಕೆ ನಿಂತಿತು ಎಂದು ಸೂತ್ರಧಾರ ಕೇಳಿದಾಗ ಅದರ ಬಿಡಿಭಾಗಗಳು ಮಾತಾಡತೊಡಗುತ್ತವೆ. ಪರಿಕರದ ಖರ್ಚು ಸೊನ್ನೆ. ಬಂಡವಾಳ, ದುಡಿಮೆ ಎಂಬ ಕಣ್ಣಿಗೆ ಕಾಣದ ಸಂಬಂಧಕ್ಕೆ ಇಲ್ಲಿ ಮೈ ಬಂದಿದೆ. ಬೀದಿ ನಾಟಕದ ಬರವಣಿಗೆ ಕಲಿಯುವವರು ಇದೊಂದನ್ನೇ ಬಿಡಿಸಿ ನೋಡಿದರೂ ಸಾಕು.

ಬೆಂಗಳೂರಿನ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತು. 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’, ‘ಈಡಿಪಸ್’ ಆಡಿಸಿ ನಾಟಕವನ್ನು ಚೌಕಟ್ಟಿನಿಂದ ಹೊರಗೆ ತಂದಿದ್ದರು. ಈಗ ಅಲ್ಲೇ ಇದೆ ಸಂಸ ಬಯಲು ರಂಗಮಂದಿರ. ಆದರೆ ಕಲಾಕ್ಷೇತ್ರದ ಬಯಲಿಗೂ ಪ್ರೇಕ್ಷಕ ನಡೆದು ಬರಬೇಕಿತ್ತು. ಅವನಿದ್ದಲ್ಲಿಗೇ ಹೋಗುವ ಕೆಲಸವನ್ನು 1975ರಲ್ಲಿ ಹುಟ್ಟಿದ ರಂಗತಂಡ ‘ಸಮುದಾಯ’ ಕೈಗೆತ್ತಿಕೊಂಡಿತು. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದು ಸುಟ್ಟ ಘಟನೆಯನ್ನು ಸಿ.ಜಿ. ಕೃಷ್ಣಸ್ವಾಮಿ ‘ಬೆಲ್ಚಿ’ ಎಂಬ ಬೀದಿ ನಾಟಕ ಮಾಡಿದರು. 1979ರ ಜಾಥಾದೊಂದಿಗೆ ಸಮುದಾಯದ ಬೀದಿ ನಾಟಕಗಳು ಕರ್ನಾಟಕದ ಊರೂರು ಸುತ್ತಿದವು. ಬಿಹಾರದ ಕಥೆಯಾದರೂ ತಮ್ಮೂರಿನ ಯಜಮಾನ ಯಾರೆಂದು ನೋಡುವವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಆ ವರ್ಷಗಳ ಇನ್ನೊಂದು ಹೆಸರು ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಚಿತ್ರದ ನಟಿ, ರಂಗಭೂಮಿಯವರು. ತುರ್ತು ಪರಿಸ್ಥಿತಿಯಲ್ಲಿ ಅವರನ್ನು ವಿಚಾರಣೆಯಿಲ್ಲದೆ ಎಂಟು ತಿಂಗಳು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಆ ಜೈಲೇ ಇಂದಿನ ಫ್ರೀಡಂ ಪಾರ್ಕ್. 1989ರ ಜನವರಿ 1ರಂದು ಸಾಹಿಬಾಬಾದಿನ ಝಂಡಾಪುರದಲ್ಲಿ ‘ಹಲ್ಲಾ ಬೋಲ್’ ಆಡುತ್ತಿದ್ದ ಜನ ನಾಟ್ಯ ಮಂಚ್ ಮೇಲೆ ದಾಳಿಯಾಗಿ, ಆ ತಂಡ ಕಟ್ಟಿದವರಲ್ಲಿ ಒಬ್ಬರಾದ ಸಫ್ದರ್ ಹಾಶ್ಮಿ ಮರುದಿನ ಸತ್ತರು. ಜನವರಿ 4ರಂದು ಅದೇ ಜಾಗಕ್ಕೆ ಹೋಗಿ, ಅರ್ಧಕ್ಕೆ ನಿಂತ ನಾಟಕವನ್ನು ಅವರ ಪತ್ನಿ ಮಲಯಶ್ರೀ ಮತ್ತು ತಂಡದವರು ಆಡಿ ಮುಗಿಸಿದರು. ಹಾಶ್ಮಿಯವರ ಹುಟ್ಟುಹಬ್ಬ ಏಪ್ರಿಲ್ 12 ಬೀದಿ ನಾಟಕದ ದಿನವಾಗಿದೆ.

ಇನ್ನು ಆಡುವ ರೀತಿ. ವೃತ್ತದ ಅಡ್ಡಳತೆ 18 ಅಡಿ ಇರಲಿ. ಸುಣ್ಣದ ಪುಡಿಯಲ್ಲೋ ಸೀಮೆಸುಣ್ಣದಲ್ಲೋ ಗೆರೆ ಎಳೆಯಿರಿ. ಇಷ್ಟು ದೊಡ್ಡ ವೃತ್ತದ ಸುತ್ತ ಮೊದಲ ಸಾಲಿಗೆ ಮೂವತ್ತು ಜನ, ಐದು ಸಾಲಿಗೆ ಇನ್ನೂರು ದಾಟುತ್ತದೆ. ಮೈಕಿಲ್ಲದೆ ಐದನೇ ಸಾಲಿನಾಚೆ ಮಾತು ತಲುಪುವುದಿಲ್ಲ, ಅದಕ್ಕಿಂತ ಹೆಚ್ಚು ಜನರ ಆಸೆ ಬೇಡ. ತಮಟೆ ಶುರುವಾದೊಡನೆ ಮಕ್ಕಳು ಓಡಿ ಬರುತ್ತಾರೆ. ಅವರನ್ನು ಗೆರೆಯ ಹೊರಗೆ ಸಾಲಾಗಿ ಕೂರಿಸಿಬಿಡಿ. ಕೂತ ಮಕ್ಕಳನ್ನು ತುಳಿದು ಯಾರೂ ಮುಂದೆ ಬರುವುದಿಲ್ಲ, ವೃತ್ತ ಕೊನೆಯವರೆಗೆ ಉಳಿಯುತ್ತದೆ. ಇದನ್ನು ಮರೆತ ತಂಡಗಳ ವೃತ್ತ ಹತ್ತು ನಿಮಿಷದಲ್ಲಿ ಎಂಟು ಅಡಿಗೆ ಕುಗ್ಗಿ, ನಟರು ಪ್ರೇಕ್ಷಕರ ಎದೆಗೆ ಎದೆ ತಾಗಿಸಿ ಮಾತಾಡುವ ಹಾಗಾಗುತ್ತದೆ.

ಹೊಸಬರೆಲ್ಲ ಹೋಗಿ ನಿಲ್ಲುವುದು ನಟ್ಟನಡುವೆ. ವೃತ್ತದಲ್ಲಿ ಅದೇ ಅತ್ಯಂತ ದುರ್ಬಲ ಜಾಗ: ಎತ್ತ ತಿರುಗಿದರೂ ಅರ್ಧ ಜನಕ್ಕೆ ಬೆನ್ನು. ಅಂಚಿಗೆ ಹೋಗಿ ಒಳಮುಖವಾಗಿ ನಿಂತರೆ ಬೆನ್ನು ಕಾಣುವುದು ನಾಲ್ಕಾರು ಮಂದಿಗೆ ಮಾತ್ರ. ಮಾತಿಗೆ ಮಾತು ಕೊಡುವ ಇಬ್ಬರು ಎದುರುಬದುರು ಅಂಚಿನಲ್ಲಿ ನಿಂತರೆ ಇಬ್ಬರ ದನಿಯೂ ಸೇರಿ ಇಡೀ ವೃತ್ತಕ್ಕೆ ಮುಟ್ಟುತ್ತದೆ, ಆ 18 ಅಡಿ ಅಂತರವೇ ಜಗಳವನ್ನೂ ತೋರಿಸುತ್ತದೆ. ಮುಖ್ಯ ಮಾತನ್ನು ಒಬ್ಬ ಹೇಳಿ, ಮೇಳ ಇನ್ನೆರಡು ದಿಕ್ಕಿಗೆ ತಿರುಗಿ ಮತ್ತೆ ಹೇಳಲಿ. ಬಸ್ಸಿನ ಹಾರ್ನ್ ಬಂದಾಗ ಅದರ ಮೇಲೆ ಕಿರುಚಬೇಡಿ, ನಿಂತು ಅದರತ್ತ ನೋಡಿ. ಜನ ನಗುತ್ತಾರೆ, ಗಮನ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಆರೇಳು ನಟರು ಸಾಕು. ಎಲ್ಲರಿಗೂ ಒಂದೇ ಬಣ್ಣದ ಜುಬ್ಬ, ಹೆಗಲಿಗೊಂದು ಟವೆಲ್. ತಲೆಗೆ ಸುತ್ತಿದರೆ ಗೌಡ, ಸೊಂಟಕ್ಕೆ ಬಿಗಿದರೆ ಕೂಲಿಯವಳು. ನಡುವೆ ಬಂದು ನಿಂತವನಿಗೆ ಎರಡು ನಿಮಿಷದಲ್ಲಿ ಕಥೆ ಸಿಗಬೇಕು, ಆದ್ದರಿಂದ ಪ್ರತಿ ದೃಶ್ಯವೂ ತನ್ನಷ್ಟಕ್ಕೆ ಪೂರ್ತಿ ಇರಲಿ. ಕಾಲೇಜು, ಸಂತೆಗಳಲ್ಲಿ 25 ನಿಮಿಷ ಸಿಗುತ್ತದೆ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನಲ್ಲಾದರೆ ಪಾಳಿ ಬಿಟ್ಟ ಹೆಂಗಸರಿಗೆ ಬಸ್ಸು, ಮನೆಯ ಅಡುಗೆ ಎರಡೂ ಕಾಯುತ್ತಿರುತ್ತವೆ, ಹನ್ನೆರಡು ನಿಮಿಷಕ್ಕೆ ಮುಗಿಸಿ. ಕುಡಿದವನೊಬ್ಬ ಒಳಗೆ ನುಗ್ಗಿದರೆ ಹೊರದಬ್ಬಬೇಡಿ. ಸೂತ್ರಧಾರ ಹೆಗಲ ಮೇಲೆ ಕೈಹಾಕಿ ‘ಬಾ ಅಣ್ಣಾ, ಇಲ್ಲಿಂದ ಚೆನ್ನಾಗಿ ಕಾಣುತ್ತೆ’ ಎಂದು ಅಂಚಿನಲ್ಲಿ ಕೂರಿಸಲಿ.

ಅನುಮತಿಯ ವಿಷಯ ಚಿಕ್ಕದು, ಆದರೆ ತಪ್ಪಿದರೆ ಆಟವೇ ನಿಲ್ಲುತ್ತದೆ. ಆಯಾ ಠಾಣೆಗೆ ಜಾಗ, ಹೊತ್ತು, ತಂಡದ ಸಂಖ್ಯೆ ಬರೆದು ಮುಂಚಿತವಾಗಿ ಪತ್ರ ಕೊಟ್ಟು, ಸೀಲು ಹಾಕಿಸಿಕೊಂಡ ಪ್ರತಿಯನ್ನು ಜೊತೆಗಿಟ್ಟುಕೊಳ್ಳಿ. ಧ್ವನಿವರ್ಧಕ ಬಳಸಲು 2000ದ ಶಬ್ದಮಾಲಿನ್ಯ ನಿಯಮದಂತೆ ಬೇರೆ ಅನುಮತಿ ಬೇಕು. ಮೈಕಿಲ್ಲದೆ ಆಡುವವರಿಗೆ ಆ ಒಂದು ಬಾಗಿಲು ತಟ್ಟುವ ಕೆಲಸ ತಪ್ಪುತ್ತದೆ. ಗಂಟಲಿನ ಸಾಧನೆಗೆ ಹೀಗೂ ಒಂದು ಬೆಲೆಯಿದೆ. ಪ್ರತಿಭಟನೆಯ ಭಾಗವಾಗಿ ಆಡುವುದಾದರೆ ಕಥೆ ಬದಲು: ಬೆಂಗಳೂರು ನಗರದಲ್ಲಿ ಪ್ರತಿಭಟನೆ ಫ್ರೀಡಂ ಪಾರ್ಕಿನಲ್ಲಿ ಮಾತ್ರ ಎಂಬುದು 2021ರ ಪೊಲೀಸ್ ಆದೇಶ. ನಾಟಕ ಎಲ್ಲಿ ಮುಗಿಯಿತು, ಪ್ರತಿಭಟನೆ ಎಲ್ಲಿ ಶುರುವಾಯಿತು ಎಂದು ಸ್ಥಳದಲ್ಲಿ ತೀರ್ಮಾನಿಸುವವರು ಕರ್ತವ್ಯದಲ್ಲಿರುವ ಪೊಲೀಸರೇ.

ಈಗ ನಿಮ್ಮ ಕಸಕ್ಕೆ ಬರೋಣ. 1990ರ ಸಾಕ್ಷರತಾ ಜಾಥಾಗಳ ಕಾಲದಿಂದ ಇಲಾಖೆಗಳಿಗೆ ಬೀದಿ ನಾಟಕ ಅಚ್ಚುಮೆಚ್ಚು. ಆಗಿನವುಗಳಲ್ಲಿ ಓದು ಕಲಿಯಬಾರದೆನ್ನುವ ಸಾಹುಕಾರನಾದರೂ ಇರುತ್ತಿದ್ದ. ಈಗಿನ ಹಲವು ನಾಟಕಗಳಲ್ಲಿ ತಪ್ಪೆಲ್ಲ ಕಸ ಎಸೆಯುವ ಒಬ್ಬ ಅಮಾಯಕನದು, ಅವನಿಗೆ ಬುದ್ಧಿ ಹೇಳಿದರೆ ಸಮಸ್ಯೆ ಮುಗಿಯಿತು. ಬೆಂಗಳೂರಿನ ಕಸದಲ್ಲಿ ಎದುರಾಳಿಗಳಿಗೆ ಬರವಿದೆಯೇ? ನಗರದ ಕಸ ಸುರಿಸಿಕೊಂಡ ಮಂಡೂರು ಹಳ್ಳಿಯ ಜನ ಲಾರಿ ತಡೆದು, ಕೊನೆಗೆ 2014ರ ಡಿಸೆಂಬರಿನಿಂದ ಸುರಿಯುವುದಿಲ್ಲ ಎಂಬ ಮಾತು ಪಡೆದರು. ಹಸಿರು ಬುಟ್ಟಿ, ಕೆಂಪು ಬುಟ್ಟಿ, ಒಂದು ಚೀಲ ಎಂಬ ನಿಯಮ ಹೈಕೋರ್ಟಿನ ಆದೇಶದಿಂದ ಬಂತು. ಕೆಲಸ ಕಾಯಂ ಮಾಡಿ ಎಂದು ಪೌರಕಾರ್ಮಿಕರು 2022ರ ಜುಲೈನಲ್ಲಿ ಮುಷ್ಕರ ಹೂಡಿದರು. ಇವರಲ್ಲಿ ಯಾರನ್ನೂ ವೃತ್ತದೊಳಗೆ ಬಿಟ್ಟುಕೊಳ್ಳದೆ ಕಸದ ನಾಟಕ ಮಾಡಿದರೆ ಆ ಹಿರಿಯರು ಬೇಸರಪಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಮಾಡಿ ನೋಡಿ. ಐದು ನಟರು ಲಾರಿಯಾಗಲಿ. ಅದು ವೃತ್ತದ ಸುತ್ತ ಓಡುತ್ತ ಎಲ್ಲರ ಕಸ ತುಂಬಿಕೊಂಡು ಒಬ್ಬ ಹಳ್ಳಿಯವಳ ಮುಂದೆ ನಿಲ್ಲಲಿ. ಅವಳು ಜಾಗ ಬಿಡುವುದಿಲ್ಲ. ಲಾರಿ ಹಿಂದಕ್ಕೆ ಹೊರಟರೆ ಅಪಾರ್ಟ್‌ಮೆಂಟಿನವರು ಗೇಟು ಹಾಕಿರುತ್ತಾರೆ. ಬರಿಗೈಯಲ್ಲಿ ಬೇರ್ಪಡಿಸು ಎಂದು ಕಂಟ್ರಾಕ್ಟರು ಪೌರಕಾರ್ಮಿಕಳಿಗೆ ಹೇಳುತ್ತಾನೆ; ಮೊದಲು ಗ್ಲೌಸ್ ಕೊಡು ಎನ್ನುತ್ತಾಳೆ ಅವಳು. ಕೊನೆಯಲ್ಲಿ ಎಲ್ಲರೂ ಕೈಹಿಡಿದು ಕೂಗುವ ಘೋಷಣೆಯನ್ನು ಕತ್ತರಿಸಿ, ಲಾರಿಯನ್ನು ನಡುವೆಯೇ ನಿಲ್ಲಿಸಿ, ಎಲ್ಲಿಗೆ ಒಯ್ಯೋಣ ಎಂದು ಸೂತ್ರಧಾರ ಜನರನ್ನೇ ಕೇಳಲಿ. ಹತ್ತು ನಿಮಿಷದ ಚರ್ಚೆಗೆ ಹೊತ್ತು ಮೊದಲೇ ತೆಗೆದಿಡಿ. ವಾರ್ಡಿನ ಕಸ ಈಗ ಯಾವ ಊರಿಗೆ ಹೋಗುತ್ತಿದೆ ಎಂದು ಜನ ಖಂಡಿತ ಕೇಳುತ್ತಾರೆ, ನಟರಲ್ಲಿ ಇಬ್ಬರಾದರೂ ಅದನ್ನು ಪಾಲಿಕೆಯಲ್ಲಿ ವಿಚಾರಿಸಿಕೊಂಡು ಬಂದಿರಬೇಕು.