ಪಟದ ಬೆನ್ನು

ಚಿತ್ರವೊಂದು ನನ್ನ ಮೇಜಿಗೆ ಬಂದರೆ ಮೊದಲು ತಿರುವಿ ಅದರ ಬೆನ್ನು ನೋಡುತ್ತೇನೆ. ಕಾಗದದ ಮೇಲಿನ ಚಿತ್ರಗಳನ್ನು ಸಂರಕ್ಷಿಸುವವರಿಗೆಲ್ಲ ಅಂಟಿದ ಚಾಳಿ ಇದು. ಕಲಾವಿದನ ಮನಸ್ಸಿನಲ್ಲಿ ಏನಿತ್ತು ಎಂಬುದು ಮುಂದೆ ಕಾಣುತ್ತದೆ, ಜೇಬಿನಲ್ಲಿ ಎಷ್ಟಿತ್ತು ಎಂಬುದು ಹಿಂದೆ.

ಇಂಥ ಚಿತ್ರಗಳನ್ನು ಕೊಂಡು ಮನೆಯಲ್ಲೇ ತೂಗುಹಾಕಿದವರಲ್ಲಿ ಒಬ್ಬರು ಜಾರ್ಜ್ ವೀನ್ (1925–2021), ಬಾಸ್ಟನ್ನಿನ ಜಾಝ್ ಪಿಯಾನೋ ವಾದಕ. ತಾವು ನುಡಿಸಿದ್ದಕ್ಕಿಂತ ಬೇರೆಯವರಿಗೆ ವೇದಿಕೆ ಕೊಟ್ಟು ಹೆಚ್ಚು ಹೆಸರಾದವರು. 1950ರಲ್ಲಿ ಸ್ಟೋರಿವಿಲ್ ಕ್ಲಬ್ ತೆರೆದರು, 1954ರಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವ ಶುರುಮಾಡಿದರು. 1959ರಲ್ಲಿ ಜಾಯ್ಸ್ ಅಲೆಕ್ಸಾಂಡರ್ ಅವರನ್ನು ಮದುವೆಯಾದರು. ಈತ ಯಹೂದಿ, ಆಕೆ ಆಫ್ರಿಕನ್-ಅಮೆರಿಕನ್, ಜೀವರಸಾಯನ ವಿಜ್ಞಾನಿಯಾಗಿ ದುಡಿದವರು. ಆಗ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಕಪ್ಪು-ಬಿಳಿಯರ ನಡುವಿನ ಇಂಥ ಮದುವೆ ಅಪರಾಧವಾಗಿತ್ತು. ಆ ಕಾನೂನುಗಳು ಬಿದ್ದುಹೋದದ್ದು 1967ರಲ್ಲಿ. ರೋಮೇರ್ ಬಿಯರ್ಡನ್, ಜೇಕಬ್ ಲಾರೆನ್ಸ್, ನಾರ್ಮನ್ ಲೂಯಿಸ್ ಮೊದಲಾದ ಆಫ್ರಿಕನ್-ಅಮೆರಿಕನ್ ಕಲಾವಿದರ ಚಿತ್ರಗಳನ್ನು ಕೊಂಡು ದಂಪತಿ ತಮ್ಮ ನ್ಯೂಯಾರ್ಕ್ ಮನೆಯ ಗೋಡೆ ತುಂಬಿಸಿದರು. 2005ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಗ್ಯಾಲರಿಯಲ್ಲಿ ಆ ಸಂಗ್ರಹದ ಪ್ರದರ್ಶನ ನಡೆಯಿತು. ಜಾಯ್ಸ್ ತೀರಿಕೊಂಡದ್ದೂ ಅದೇ ವರ್ಷ.

ಸಂಗೀತಗಾರನಿಗೆ ಬಿಯರ್ಡನ್ ಯಾಕೆ ಹಿಡಿಸುತ್ತಾರೆ ಎಂದು ಹೆಚ್ಚು ಹುಡುಕಬೇಕಿಲ್ಲ. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ, ಸಂಗೀತಕ್ಕೆ ಹೆಸರಾದ ಅಪೋಲೋ ಥಿಯೇಟರಿನ ಕಟ್ಟಡದಲ್ಲೇ ಅವರ ಸ್ಟುಡಿಯೋ ಇತ್ತು. ಕೆಲಕಾಲ ಹಾಡು ಬರೆಯುವುದನ್ನೇ ಕಸುಬು ಮಾಡಿಕೊಂಡಿದ್ದರು. ಅರ್ಲ್ ಹೈನ್ಸ್ ಪಿಯಾನೋ ನುಡಿಸುವಾಗ ಸ್ವರಗಳ ನಡುವೆ ಬಿಡುವ ಜಾಗವನ್ನು ಕೇಳಿಸಿಕೊಳ್ಳುವಂತೆ ಅವರಿಗೆ ಹೇಳಿಕೊಟ್ಟವರು ಇನ್ನೊಬ್ಬ ಚಿತ್ರಕಾರ, ಸ್ಟುವರ್ಟ್ ಡೇವಿಸ್. ಬಿಯರ್ಡನ್ ಕೊಲಾಜಿನಲ್ಲಿ, ಅಂದರೆ ಕತ್ತರಿಸಿದ ಕಾಗದದ ತುಂಡುಗಳನ್ನು ಅಂಟಿಸಿ ಮಾಡಿದ ಚಿತ್ರದಲ್ಲಿ, ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಉಳಿದ ಬಣ್ಣದ ಪಟ್ಟಿಯನ್ನು ನೋಡಿ, ಆ ಪಾಠ ಅಲ್ಲಿದೆ.

ನನ್ನಂಥವರಿಗೆ ಮಾತ್ರ ಕೊಲಾಜ್ ಎಂದರೆ ತಲೆನೋವು. ಹಣೆ ಒಂದು ಪತ್ರಿಕೆಯದು, ಕಣ್ಣು ಇನ್ನೊಂದರದು, ಕೈ ಮತ್ತೆಲ್ಲಿಂದಲೋ ಕತ್ತರಿಸಿದ್ದು. ಅಗ್ಗದ ಮರದ ತಿರುಳಿನ ಕಾಗದ ಬೆಳಕಿಗೆ ಬೇಗ ಕಂದುತ್ತದೆ, ಹಳೇ ದಿನಪತ್ರಿಕೆ ಕಿಟಕಿಯ ಪಕ್ಕ ಹಳದಿಯಾಗುವ ಹಾಗೆ. ನುಣುಪು ಕಾಗದ ತಡೆದುಕೊಳ್ಳುತ್ತದೆ, ಆದರೆ ನೀರು ಸೋಕಿದರೆ ಅದರ ಮೇಲ್ಪದರವೇ ಎದ್ದುಬರಬಹುದು. ತೇವ ಏರಿದಾಗ ಪ್ರತಿ ತುಂಡೂ ತನ್ನದೇ ಲೆಕ್ಕದಲ್ಲಿ ಹಿಗ್ಗುತ್ತದೆ, ಅಂಟು ಬಿಟ್ಟ ಮೂಲೆ ಮೇಲಕ್ಕೆ ಸುರುಳುತ್ತದೆ. ಅದಕ್ಕೇ ಮ್ಯೂಸಿಯಂಗಳಲ್ಲಿ ಕಾಗದದ ಕೃತಿಗೆ ಬೆಳಕು ಸುಮಾರು 50 ಲಕ್ಸ್ (ಲಕ್ಸ್ ಬೆಳಕನ್ನು ಅಳೆಯುವ ಮಾನ), ಅಂದರೆ ಮಬ್ಬು. ಅದೂ ಕೆಲವೇ ತಿಂಗಳು.

ಹಾಗಾದರೆ ಇಂಥದ್ದನ್ನು ನಡುಮನೆಯಲ್ಲಿ ತೂಗುಹಾಕುವವರ ಮೇಲೆ ನನಗೆ ಸಿಟ್ಟು ಬರಬೇಕಲ್ಲ? ಮೊದಲೆಲ್ಲ ಬರುತ್ತಿತ್ತು. ಆಮೇಲೆ ಕಪ್ಪು ಕಲಾವಿದ ವಿಲಿಯಂ ಎಚ್. ಜಾನ್ಸನ್ ಕಥೆ ಓದಿದೆ. ಗೋಣಿತಟ್ಟು, ಪ್ಲೈವುಡ್, ಕೈಗೆ ಸಿಕ್ಕಿದ್ದರ ಮೇಲೆಲ್ಲ ಚಿತ್ರ ಬರೆದವರು. 1947ರಿಂದ ಸಾಯುವವರೆಗೂ, 23 ವರ್ಷ, ಮಾನಸಿಕ ಆಸ್ಪತ್ರೆಯಲ್ಲಿದ್ದರು. ಚಿತ್ರಗಳಿದ್ದ ಗೋದಾಮಿನ ಬಾಡಿಗೆ ಕಟ್ಟುವವರಿಲ್ಲದೆ 1956ರಲ್ಲಿ ಎಲ್ಲವನ್ನೂ ನಾಶಮಾಡುವ ಹಂತಕ್ಕೆ ಬಂದಿತ್ತು. ಕಪ್ಪು ಕಲಾವಿದರಿಗೆ ನೆರವಾಗುತ್ತಿದ್ದ ಹಾರ್ಮನ್ ಫೌಂಡೇಷನ್ ನಡುವೆ ಬಂದು ಉಳಿಸಿತು. ಸಾವಿರಕ್ಕೂ ಹೆಚ್ಚು ಕೃತಿಗಳು 1967ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸೇರಿದವು. ಇನ್ನೊಬ್ಬ ಕಪ್ಪು ಕಲಾವಿದ ಬೋಫರ್ಡ್ ಡಿಲೇನಿ 1954ರಲ್ಲಿ ಕ್ಯಾನ್ವಾಸ್ ಇಲ್ಲದೆ ತಮ್ಮ ರೇನ್‌ಕೋಟಿನ ತುಂಡಿನ ಮೇಲೆಯೇ ಚಿತ್ರ ಬರೆದರು. ದೊಡ್ಡ ಮ್ಯೂಸಿಯಂಗಳು ಕಪ್ಪು ಕಲಾವಿದರತ್ತ ಅಪರೂಪಕ್ಕೆ ತಿರುಗಿ ನೋಡುತ್ತಿದ್ದ ಕಾಲದಲ್ಲಿ ಇಂಥ ಚಿತ್ರಕ್ಕೆ ಸಿಗುತ್ತಿದ್ದದ್ದು ಒಂದೋ ಯಾರದೋ ಮನೆಯ ಗೋಡೆ, ಇಲ್ಲವೇ ಆ ಗೋದಾಮು. ನನ್ನ 50 ಲಕ್ಸಿನ ಪಾಠವನ್ನು ಆಗ ಯಾರಿಗೆ ಹೇಳುವುದು?

ಈಗ ಮನೆಯಲ್ಲೇ ಹಾಕುತ್ತೇವೆ ಎನ್ನುವವರ ಜೊತೆ ನಾನು ಜಗಳಕ್ಕಿಳಿಯುವುದಿಲ್ಲ. ಕಿಟಕಿಯ ಎದುರಿನ ಗೋಡೆ ಬೇಡ, ಪಟದ ನೆತ್ತಿಯ ಮೇಲೆ ದೀಪ ಬೇಡ, ಅತಿನೇರಳೆ ಕಿರಣ ತಡೆಯುವ ಗಾಜು ಹಾಕಿಸಿ, ಹಿಂದೆ ಆಮ್ಲರಹಿತ ರಟ್ಟು ಕೊಡಿಸಿ ಎನ್ನುತ್ತೇನೆ. ಮಾಮೂಲಿ ರಟ್ಟು ಹಾಕಿದರೆ ಕೆಲವೇ ವರ್ಷಗಳಲ್ಲಿ ಚಿತ್ರದ ಸುತ್ತ ಕಂದು ಗೆರೆ ಬೀಳುತ್ತದೆ, ಅದನ್ನು ತೆಗೆಯುವುದು ನನಗೂ ಕಷ್ಟ. ಮತ್ತೆ, ಹೊಸ ಕಟ್ಟು ಹಾಕಿಸುವಾಗ ಅಂಗಡಿಯವನು ಹಿಂಬದಿಯ ಹಳೇ ಚೀಟಿಯನ್ನು ಕಿತ್ತೆಸೆಯದ ಹಾಗೆ ನೋಡಿಕೊಳ್ಳಿ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಬೆಲೆ ಇದ್ದರೆ ಅದನ್ನೂ ಉಜ್ಜಿಸಬೇಡಿ.