ಹತ್ತಿರದ ಆಸ್ಪತ್ರೆ ಯಾವುದು? ಹೊಳೆ, ಗಡಿ ಮತ್ತು ಡೇಟಾಬೇಸ್

ಕೇರಳದ ಗಡಿಯಂಚಿನ ಮಂಜೇಶ್ವರದಲ್ಲಿ ನಿಂತು ಹತ್ತಿರದ ಆಸ್ಪತ್ರೆ ಹುಡುಕಿದರೆ ಒಂದು ಆ್ಯಪ್ ಕರ್ನಾಟಕದ ದೇರಳಕಟ್ಟೆ ಅನ್ನಬಹುದು, ಇನ್ನೊಂದು ಕೇರಳದ್ದೇ ಆದ ಕಾಸರಗೋಡು ಅನ್ನಬಹುದು. ಫೋನಿನ ಲೆಕ್ಕ ತಪ್ಪಿದೆ ಅಂತ ನಾವು ಬೈಯುತ್ತೇವೆ. ನಿಜಕ್ಕೂ ಎರಡೂ ಕಡೆ ಲೆಕ್ಕ ಸರಿಯೇ ಇರುತ್ತದೆ. ಯಾವ ದೂರವನ್ನು ಅಳೆಯಬೇಕು ಅನ್ನುವಲ್ಲೇ ಗೋಜಲು.

ಪ್ರಶ್ನೆ ಹಳೆಯದು. 1973ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಇದನ್ನು ಅಂಚೆ ಕಚೇರಿಯ ಸಮಸ್ಯೆ ಎಂದರು: ಯಾವ ಮನೆಗೆ ಯಾವ ಅಂಚೆ ಕಚೇರಿ ಹತ್ತಿರ? 1975ರಲ್ಲಿ ಜಾನ್ ಬೆಂಟ್ಲಿ ಅವರ ಕೆ-ಡಿ ಟ್ರೀ ಬಂತು, ಅಂದರೆ ಜಾಗವನ್ನು ಮತ್ತೆ ಮತ್ತೆ ಎರಡಾಗಿ ಸೀಳುತ್ತಾ ಡೇಟಾ ಜೋಡಿಸಿಡುವ ಕ್ರಮ. ಅದು ಮೆಮೊರಿಯಲ್ಲಿ ಹಿಡಿಸುವ ಡೇಟಾಕ್ಕೆ ಚೆನ್ನಾಗಿತ್ತು, ಡಿಸ್ಕಿನ ಡೇಟಾಬೇಸಿಗೆ ಅಷ್ಟಾಗಿ ಒಗ್ಗಲಿಲ್ಲ. 1984ರಲ್ಲಿ, ಅಂದರೆ ಕಾಸರಗೋಡು ಜಿಲ್ಲೆಯಾದ ವರ್ಷವೇ, ಆಂಟೊನಿನ್ ಗಟ್‌ಮನ್ ಆರ್-ಟ್ರೀ ಕೊಟ್ಟರು. ಅಕ್ಕಪಕ್ಕದ ಜಾಗಗಳನ್ನು ಒಂದು ಚೌಕಟ್ಟಿಗೆ ಸೇರಿಸುವುದು, ಅಂಥ ಚೌಕಟ್ಟುಗಳನ್ನು ಇನ್ನೂ ದೊಡ್ಡದರೊಳಗೆ ಇಡುವುದು. ಇಷ್ಟೇ ಉಪಾಯ.

ಈ ಚೌಕಟ್ಟುಗಳಲ್ಲಿ ಹತ್ತಿರದ್ದನ್ನು ಬೇಗ ಹುಡುಕುವ ದಾರಿ ಸಿಕ್ಕಿದ್ದು 1995ರಲ್ಲಿ. ನಿಕ್ ರುಸೊಪೌಲೋಸ್ ಮತ್ತು ಜೊತೆಗಾರರ ಕೆಲಸ ಅದು. ಉಪ್ಪಳದಲ್ಲಿ ಒಬ್ಬರು ಮೆಡಿಕಲ್ ಶಾಪ್ ಹುಡುಕುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಮೊದಲು ಉಪ್ಪಳದ ಚೌಕಟ್ಟು ತೆರೆದಾಗ 2 ಕಿ.ಮೀ. ದೂರದಲ್ಲಿ ಒಂದು ಅಂಗಡಿ ಸಿಕ್ಕಿತು. ಕುಂಬಳೆ ಚೌಕಟ್ಟಿನ ಈಚೆ ಅಂಚೇ 6 ಕಿ.ಮೀ. ದೂರ ಇದ್ದರೆ ಅದರೊಳಗಿನ ಯಾವ ಅಂಗಡಿಯೂ ಅದಕ್ಕಿಂತ ಹತ್ತಿರ ಇರಲಾರದು, ಅಲ್ವಾ? ಹಾಗಾಗಿ ಕುಂಬಳೆಯನ್ನು ತೆರೆದೇ ನೋಡುವುದಿಲ್ಲ. ಕಾಸರಗೋಡು, ಕಾಞಂಗಾಡಿನ ಚೌಕಟ್ಟುಗಳೂ ಹಾಗೇ ಬಿದ್ದುಹೋಗುತ್ತವೆ. ಬಂದ್ಯೋಡಿನ ಚೌಕಟ್ಟಿನ ಅಂಚು 1 ಕಿ.ಮೀ.ಗೇ ಬಂದಿದ್ದರೆ ಮಾತ್ರ ತೆರೆಯಲೇಬೇಕು. ಅಂಗಡಿಗಳೆಲ್ಲ ಆಚೆ ಮೂಲೆಯಲ್ಲಿದ್ದರೆ ಆ ಶ್ರಮ ಸುಮ್ನೆ ಹೋಗುತ್ತದೆ. ಹಾಗಿದ್ದರೂ ಲಕ್ಷಗಟ್ಟಲೆ ಅಂಗಡಿಗಳಲ್ಲಿ ಬೆರಳೆಣಿಕೆಯಷ್ಟನ್ನು ನೋಡಿದರೆ ಉತ್ತರ ಸಿಗುತ್ತದೆ.

ಅದೇ ಕಾಲಕ್ಕೆ ಹ್ಯಾಲ್ಟಾಸನ್ ಮತ್ತು ಸಾಮೆಟ್ ಇದನ್ನು ಇನ್ನೂ ಹದಗೊಳಿಸಿದರು. ಚೌಕಟ್ಟುಗಳನ್ನೂ ಅಂಗಡಿಗಳನ್ನೂ ದೂರದ ಪ್ರಕಾರ ಒಂದೇ ಸಾಲಿನಲ್ಲಿ ನಿಲ್ಲಿಸಿ, ಮುಂದಿನದನ್ನು ತೆಗೆಯುತ್ತಾ ಹೋಗುವುದು. ಮೊದಲ ಅಂಗಡಿ ಬಾಗಿಲು ಹಾಕಿದ್ದರೆ ಎರಡನೆಯದಕ್ಕಾಗಿ ಮತ್ತೆ ಮೊದಲಿಂದ ಹುಡುಕಬೇಕಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಅತಿ ಸುಂದರ ಅನಿಸಿದ್ದು ಇದೇ. 2011ರ ಪೋಸ್ಟ್‌ಗ್ರೆಸ್ 9.1ರಿಂದ ಇಂಥ ಹುಡುಕಾಟ ಉಚಿತ ಡೇಟಾಬೇಸಿನಲ್ಲೂ ಸಿಕ್ಕಿತು.

ಇಷ್ಟರ ಹೊತ್ತಿಗೆ ವೇಗದ ಸಮಸ್ಯೆ ಹೆಚ್ಚುಕಡಿಮೆ ಮುಗಿದಿತ್ತು. ಆದರೆ ಅಳೆಯುತ್ತಿದ್ದದ್ದು ನೇರ ಗೆರೆಯ ದೂರ. ಚಂದ್ರಗಿರಿ ಹೊಳೆಯ ಆಚೆ ದಡ ಕಣ್ಣಿಗೆ ಕಾಣುತ್ತದೆ, ಸೇತುವೆ ಸುತ್ತಿ ಹೋಗುವವರಿಗೆ ದೂರ ಜಾಸ್ತಿ. 2003ರಲ್ಲಿ ಪಪಾಡಿಯಾಸ್ ಮತ್ತು ಸಂಗಡಿಗರು ದಾರಿಯ ದೂರದಿಂದಲೇ ಹುಡುಕುವ ವಿಧಾನ ತೋರಿಸಿದರು. ದಾರಿ ನೇರ ಗೆರೆಗಿಂತ ಚಿಕ್ಕದಾಗಲು ಸಾಧ್ಯವಿಲ್ಲ. ದಾರಿಯಲ್ಲಿ 7 ಕಿ.ಮೀ.ಗೆ ಒಂದು ಆಸ್ಪತ್ರೆ ಸಿಕ್ಕಿದರೆ, ನೇರ ಗೆರೆಯಲ್ಲೇ 7 ದಾಟಿದವನ್ನೆಲ್ಲ ಬಿಟ್ಟುಬಿಡಬಹುದು. ಹಳೆಯ ಆರ್-ಟ್ರೀ ಇಲ್ಲೂ ಕೆಲಸಕ್ಕೆ ಬಂತು.

ನಮಗೆ ಇನ್ನೊಂದು ತೊಡಕಿದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ವೇಳೆ ಕರ್ನಾಟಕ-ಕೇರಳ ನಡುವಿನ ತಲಪಾಡಿ ಗಡಿ ಮುಚ್ಚಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ರೋಗಿಗಳು ಗಡಿಯಿಂದ ವಾಪಸಾದರು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಅಂಥ ಹೊತ್ತಿನಲ್ಲಿ ನೇರ ಗೆರೆಯ ಹುಡುಕಾಟ ಎಷ್ಟೇ ವೇಗವಾಗಿದ್ದರೂ ಉಪಯೋಗಕ್ಕಿಲ್ಲ. ದಾರಿಯ ಜಾಲ ಇಟ್ಟುಕೊಂಡ ವ್ಯವಸ್ಥೆಯಲ್ಲಾದರೆ ಮುಚ್ಚಿದ ದಾರಿಗಳನ್ನು ತೆಗೆದುಹಾಕಿದರೆ ಸಾಕು.

ಉಳಿದ ದಿನಗಳಲ್ಲಿ ತೊಂದರೆ ತಿರುಗುಮುರುಗು. ಮೊದಲು ರಾಜ್ಯ ಆರಿಸಿ ಅನ್ನುವ ಪಟ್ಟಿಗಳಲ್ಲಿ ಮಂಜೇಶ್ವರದವರು ಕೇರಳ ಅಂತ ಒತ್ತಿದ ಕೂಡಲೇ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು ಮಾಯ. ಹತ್ತಿರದ್ದನ್ನು ಹುಡುಕಿ ಆಮೇಲೆ ರಾಜ್ಯದ ಹೆಸರು ತೋರಿಸಿದರಾಗದೇ? ದಾರಿ ಹಿಡಿದು ಲೆಕ್ಕ ಹಾಕಲು ಪಿಜಿರೌಟಿಂಗ್‌ನಂಥ ಉಚಿತ ಸಾಧನಗಳಿವೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಉಚಿತ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಗಡಿಯ ಒಳದಾರಿಗಳು, ಮಳೆಗಾಲದಲ್ಲಿ ಮುಳುಗುವ ಸಂಕಗಳು ಅದರಲ್ಲಿ ಸರಿಯಾಗಿ ಸೇರಬೇಕು. ಅದನ್ನು ಇಲ್ಲಿಯವರೇ ಮಾಡಬೇಕು.